ಕೆರೆ ನಮ್ಮದು, ಲೆಕ್ಕ ಯಾರದು?

ಮರಿಕಲ್, ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ನಮ್ಮ ಕನ್ನಡದ ಹುಡುಗರೆ, ಹುಡುಗಿಯರೆ,

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಹೋದ ವರ್ಷ ನಿಮ್ಮ ಮನೆಯ ಹೊಲಕ್ಕೆ ಎಕರೆಗೆ ಎಷ್ಟು ಖರ್ಚಾಯ್ತು? ಕೈಯಲ್ಲಿ ಎಷ್ಟು ಉಳೀತು? ಅಪ್ಪನನ್ನು ಕೇಳಿದರೆ "ಏನೋ ನಡೀತಪ್ಪ" ಅಂತಾರೆ. ಗೊಬ್ಬರದ ಅಂಗಡಿ ಸಾಹುಕಾರನನ್ನು ಕೇಳಿ ನೋಡಿ. ಯಾವ ತಾರೀಕಿಗೆ ಎಷ್ಟು ಚೀಲ, ಬಡ್ಡಿ ಎಷ್ಟು, ಬಾಕಿ ಎಷ್ಟು, ಪುಸ್ತಕ ತೆಗೆದು ಕಣ್ಣು ಮಿಟುಕಿಸೋದರೊಳಗೆ ಹೇಳ್ತಾನೆ. ನಮ್ಮ ಹೊಲದ ಲೆಕ್ಕ ನಮ್ಮ ಮನೆಯಲ್ಲಿಲ್ಲ, ಅವನ ಅಂಗಡಿಯಲ್ಲಿದೆ.

ಲೆಕ್ಕ ಯಾರ ಹತ್ತಿರ ಇರುತ್ತೋ, ಲಾಭವೂ ಅವರ ಹತ್ತಿರವೇ ಇರುತ್ತೆ. ನಾವು ಹೇಳಬೇಕಾದ್ದು ಇಷ್ಟೇ.

ಒಂದು ಕಾಲಕ್ಕೆ ಪಾಲಮೂರು ಅಂದರೆ ಬರ, ಪಾಲಮೂರು ಅಂದರೆ ಗುಳೆ. ನಮ್ಮ ಅಜ್ಜಂದಿರು ದೇಶದ ಎಷ್ಟೋ ಅಣೆಕಟ್ಟುಗಳಿಗೆ ಮಣ್ಣು ಹೊತ್ತರು, ತಮ್ಮ ಹೊಲಕ್ಕೆ ನೀರು ಕಾಣಲಿಲ್ಲ. ಈಗ ಹಾಗಿಲ್ಲ. ಇತ್ತ ಕೋಯಿಲ್‌ಸಾಗರ, ಮಕ್ತಲ್ ಕಡೆ ಸಂಗಂಬಂಡ, ಭೂತ್ಪುರ, ಗದ್ವಾಲಕ್ಕೆ ಜೂರಾಲ. ಕೃಷ್ಣಾ ಮಂಡಲದ ಹತ್ತಿರ ಭೀಮೆ ಬಂದು ಕೃಷ್ಣೆಯನ್ನು ಕೂಡುತ್ತಾಳೆ. ನೀರು ಬಂದ ಮೇಲೆ ನೀರಿನ ಹಿಂದೆ ಮಾರುವವರೂ ಬಂದರು.

ಮೊಬೈಲ್ ತೆರೆದರೆ ಸಾಕು. "ಅರ್ಧ ಗುಂಟೆ ಜಾಗದಲ್ಲಿ ಬಯೋಫ್ಲಾಕ್ ಟ್ಯಾಂಕ್ ಹಾಕಿ, ತಿಂಗಳಿಗೆ ಲಕ್ಷ ಗಳಿಸಿ!" ಹಿಂದೆ ಸಿನಿಮಾ ಹಾಡು, ಮುಂದೆ ನೋಟಿನ ಕಟ್ಟು. ಆ ವೀಡಿಯೋದಲ್ಲಿ ಹೇಳದ ಮಾತು ಒಂದಿದೆ. ಬಯೋಫ್ಲಾಕ್ ಟ್ಯಾಂಕಿಗೆ ಇಪ್ಪತ್ನಾಲ್ಕು ತಾಸೂ ಗಾಳಿ ಊದುವ ಯಂತ್ರ ಓಡುತ್ತಿರಬೇಕು. ಕೆಲವು ತಾಸು ಕರೆಂಟ್ ಹೋಗಿ ಜನರೇಟರ್ ಇಲ್ಲದಿದ್ದರೆ ಬೆಳಗಾಗೋದರೊಳಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ನಮ್ಮೂರಿನ ಕರೆಂಟಿನ ಕಥೆ ನಿಮಗೆ ನಾವು ಹೇಳಬೇಕಾ? ಇಂಥ ವೀಡಿಯೋ ಮಾಡುವವರಲ್ಲಿ ಹೆಚ್ಚಿನವರ ಲಾಭ ಮೀನಿನಿಂದ ಬಂದದ್ದಲ್ಲ. ಟ್ಯಾಂಕ್ ಮಾರಿ, ಟ್ರೈನಿಂಗ್ ಫೀಸು ಇಸ್ಕೊಂಡು ಬಂದದ್ದು. ಅವರ ಕೆರೆಯಲ್ಲಿ ನಾವೇ ಮೀನು.

ಬೇರೆಯವರನ್ನು ಬೈಯುವ ಮೊದಲು ನಮ್ಮ ಕಥೆ ಹೇಳಿಬಿಡ್ತೀವಿ. ನಾವೂ ಗೆಳೆಯರು ಐದು ಜನ ಸೇರಿ ಒಂದು ಹೊಂಡ ಮಾಡಿದ್ವಿ. ಜಾಗ ಸೋದರಮಾವಂದು, ಮಸಾರಿ ಹೊಲ. ಎರಿ ಮಣ್ಣಿನಂತೆ ಅದು ನೀರು ಹಿಡಿಯೋದಿಲ್ಲ ಅಂತ ಊರ ಹಿರಿಯರು ಹೇಳಿದ್ದರು, ಕೇಳಲಿಲ್ಲ. ಮೀನುಮರಿ ತಂದವನು ನಾಲ್ಕು ಸಾವಿರ ಅಂದ, ನಾಲ್ಕು ಸಾವಿರಕ್ಕೇ ದುಡ್ಡು ಕೊಟ್ವಿ. ಎಣಿಸಿದ್ದು ಹ್ಯಾಂಗ? ಒಂದು ಮಗ್ಗಿನಲ್ಲಿ ಮೊಗೆದು, "ಇಷ್ಟು ಮಗ್ ಅಂದ್ರೆ ಇಷ್ಟು ಸಾವಿರ" ಅಂದ. ಮೊದಲ ಮಗ್ಗಿನಲ್ಲಿ ಎಷ್ಟು ಮರಿ ಇವೆ ಅಂತ ಒಬ್ಬರೂ ಎಣಿಸಲಿಲ್ಲ. ಸುಡು ಮಧ್ಯಾಹ್ನ ಚೀಲ ಬಿಚ್ಚಿ ಹಾಗೇ ಸುರಿದ್ವಿ. ವರ್ಷದ ಕೊನೆಗೆ ಬಲೆ ಎಳೆದರೆ ಸಿಕ್ಕದ್ದು ಸಾವಿರದ ನೂರು ಮೀನು. ಎಷ್ಟು ಸತ್ತವು, ಎಷ್ಟು ಮೊದಲೇ ಕಡಿಮೆ ಇದ್ದವು, ಎಷ್ಟು ಹಕ್ಕಿ ಹಾವು ತಿಂದವು? ಗೊತ್ತಿಲ್ಲ. ಯಾಕಂದ್ರೆ ನಾವು ಬರೆದೇ ಇಟ್ಟಿರಲಿಲ್ಲ. ಸೋತದ್ದಕ್ಕಿಂತ, ಯಾಕೆ ಸೋತ್ವಿ ಅಂತ ತಿಳಿಯದೆ ಹೋದದ್ದೇ ನಮಗೆ ಹೆಚ್ಚು ನಾಚಿಕೆ ತಂದಿತು.

ಈಗ ಲೆಕ್ಕ ಹಾಕೋಣ, ಪೆನ್ನು ಹಿಡೀರಿ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹೊಸ ಹೊಂಡ ತೋಡಲು ಹೆಕ್ಟೇರಿಗೆ 7 ಲಕ್ಷ, ಮರಿ, ತಿಂಡಿ, ಸುಣ್ಣ ಮುಂತಾದ್ದಕ್ಕೆ 4 ಲಕ್ಷ ರೂಪಾಯಿ ಖರ್ಚು ಎಂದು ಹಿಡಿದಿದ್ದಾರೆ. ಎಕರೆಗೆ ಇಳಿಸಿದರೆ ಹೊಂಡಕ್ಕೆ ಸುಮಾರು 2.8 ಲಕ್ಷ, ವರ್ಷದ ಖರ್ಚು ಸುಮಾರು 1.6 ಲಕ್ಷ. ಸಬ್ಸಿಡಿ ಸಾಮಾನ್ಯರಿಗೆ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ 60. ಅಂದರೆ 40 ಸಿಕ್ಕರೂ ಹೊಂಡಕ್ಕೆ ನಮ್ಮ ಕೈಯಿಂದ ಹೋಗುವುದು 1.68 ಲಕ್ಷ.

ಎಕರೆಗೆ 3,000 ಬೆರಳುದ್ದದ ಮರಿ ಬಿಟ್ಟಿರಿ ಅನ್ನಿ. ನೂರಕ್ಕೆ 70 ಉಳಿದರೆ 2,100 ಮೀನು. ವರ್ಷಕ್ಕೆ ಸರಾಸರಿ 800 ಗ್ರಾಂ ತೂಗಿದರೆ 1,680 ಕಿಲೋ. ಹೊಂಡದ ದಂಡೆಗೇ ಬಂದ ದಲ್ಲಾಳಿ ಕಿಲೋಗೆ 100 ರೂಪಾಯಿ ಕೊಟ್ಟ ಅಂತ ಹಿಡಿಯೋಣ. ಬಂದದ್ದು 1,68,000. ಖರ್ಚು 1,60,000 ಕಳೆದರೆ ಉಳಿದದ್ದು ಎಂಟು ಸಾವಿರ. ಹೊಂಡಕ್ಕೆ ಹಾಕಿದ ದುಡ್ಡು ವಾಪಸ್ ಬರೋಕೆ ಇಪ್ಪತ್ತೊಂದು ವರ್ಷ ಬೇಕು!

ಅದೇ ಹೊಂಡ, ಅದೇ ನೀರು. ಮರಿಯನ್ನು ಎಣಿಸಿ ತಗೊಂಡು ಜೋಪಾನ ಮಾಡಿ ನೂರಕ್ಕೆ 80 ಉಳಿಸಿದಿರಿ: 2,400 ಮೀನು, 1,920 ಕಿಲೋ. ಅಂಗಡಿಯ ತಿಂಡಿ ಚೀಲದ ಬದಲು ಹತ್ತಿರದ ರೈಸ್‌ಮಿಲ್ಲಿನ ತೌಡು, ಗಾಣದ ಶೇಂಗಾ ಹಿಂಡಿ ಒಟ್ಟಿಗೆ ತರಿಸಿ ಖರ್ಚನ್ನು 1,35,000ಕ್ಕೆ ಇಳಿಸಿದಿರಿ. ದಲ್ಲಾಳಿಗೇ ಎಲ್ಲ ಕೊಡದೆ ಸ್ವಲ್ಪ ನೀವೇ ಮರಿಕಲ್ಲಿನ ಸಂತೆಯಲ್ಲಿ, ರಾಯಚೂರು ರಸ್ತೆಯ ಢಾಬಾಗಳಿಗೆ ಮಾರಿ ಸರಾಸರಿ 120 ರೂಪಾಯಿ ಬರಿಸಿದಿರಿ. ಬಂದದ್ದು 2,30,400. ಉಳಿದದ್ದು 95,400. ಎರಡು ವರ್ಷದೊಳಗೆ ಹೊಂಡದ ದುಡ್ಡು ವಾಪಸ್.

ದರ ಏರಬಹುದು, ಇಳಿಯಬಹುದು. ನಿಮ್ಮೂರ ದರ ಹಾಕಿ ನೀವೇ ಮತ್ತೆ ಲೆಕ್ಕ ಮಾಡಿ. ಎಂಟು ಸಾವಿರಕ್ಕೂ ತೊಂಬತ್ತೈದು ಸಾವಿರಕ್ಕೂ ನಡುವೆ ಇರೋದು ಅದೃಷ್ಟ ಅಲ್ಲ. ಮರಿಯ ಎಣಿಕೆ, ತಿಂಡಿಯ ಖರ್ಚು, ಮಾರಾಟ: ಮೂರೂ ಪುಸ್ತಕದಲ್ಲಿ ಬರೆಯುವ ಸಂಗತಿಗಳೇ.

ಆಂಧ್ರದ ಕೊಲ್ಲೇರು ಸರೋವರದ ಕಡೆಯ ರೈತರನ್ನು ನೋಡಿ. ಅಲ್ಲಿನ ಮೀನು ಐಸ್ ಪೆಟ್ಟಿಗೆಯಲ್ಲಿ ಕಲ್ಕತ್ತದವರೆಗೂ ಹೋಗುತ್ತೆ. ಅವರ ನೀರು ನಮ್ಮ ನೀರಿಗಿಂತ ಸಿಹಿ ಅಂತಲ್ಲ. ಮರಿ, ತಿಂಡಿ, ಐಸ್, ಲಾರಿ, ಲೆಕ್ಕ ಎಲ್ಲ ಅವರ ಕೈಗೆಟಕುವಷ್ಟು ಹತ್ತಿರ ಇದೆ. ನಮ್ಮ ಹತ್ತಿರ ಏನಿದೆ? ಜೂರಾಲದ ಹತ್ತಿರ ಮೀನು ಹುರಿದು ಮಾರುವ ಅಂಗಡಿಗಳ ಮುಂದೆ ಜನ ಕಾರು ನಿಲ್ಲಿಸಿಕೊಂಡು ತಿಂತಾರೆ. ಹಿಡಿದ ದಿನವೇ ತಿನ್ನುವ ತಾಜಾ ಮೀನಿನ ರುಚಿಗೆ ಜನ ದುಡ್ಡು ಕೊಡ್ತಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಐಸ್ ಮೀನು ನಮ್ಮ ತಾಜಾ ಮೀನಿನ ಮುಂದೆ ನಿಲ್ಲಲ್ಲ. ಆ ಅನುಕೂಲವನ್ನು ನಾವೇ ದಲ್ಲಾಳಿಗೆ ದಾನ ಮಾಡ್ತಿದ್ದೀವಿ.

ಮೀನಿನ ಮಾತು ಬಿಡಿ, ಗದ್ವಾಲದ ಸೀಡ್ ಹತ್ತಿ ನೋಡಿ. ಕೃಷ್ಣಾ ತುಂಗಭದ್ರೆಯರ ನಡುವಿನ ನಡಿಗಡ್ಡೆ ದೇಶಕ್ಕೇ ಹೈಬ್ರಿಡ್ ಹತ್ತಿ ಬೀಜ ಕೊಡುವ ನೆಲ. ಸಂಜೆ ಒಂದೊಂದೇ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತು, ಬೆಳಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಬೆರಳಿನ ಕೆಲಸ, ಬೆನ್ನು ಮುರಿಯುವ ಕೆಲಸ. ಶಾಲೆ ಬಿಟ್ಟ ಎಷ್ಟು ಹೆಣ್ಣುಮಕ್ಕಳ ಬಾಲ್ಯ ಈ ಹೂವುಗಳಲ್ಲೇ ಹೋಯ್ತು ಅನ್ನೋದು ನಮಗೂ ಗೊತ್ತು, ನಿಮಗೂ ಗೊತ್ತು. 2025-26ಕ್ಕೆ ಕೇಂದ್ರ ಸರಕಾರ ಗೊತ್ತು ಮಾಡಿದ ಗರಿಷ್ಠ ಬೆಲೆ 475 ಗ್ರಾಂ ಬಿಜಿ-2 ಪ್ಯಾಕೆಟ್ಟಿಗೆ 901 ರೂಪಾಯಿ. ಅಂದರೆ ಕಿಲೋಗೆ 1,900ರ ಹತ್ತಿರ. ಆ ಕಿಲೋದಲ್ಲಿ ನಿಮ್ಮ ಮನೆಗೆ ಬಂದದ್ದೆಷ್ಟು?

ನಡುವೆ ಆರ್ಗನೈಸರ್ ಇದ್ದಾನೆ. ಬೀಜ, ಗೊಬ್ಬರ, ಸಾಲ ಅವನೇ ಕೊಡ್ತಾನೆ, ಬಡ್ಡಿ ಅವನೇ ಹಾಕ್ತಾನೆ, ಬೆಳೆ ಅವನೇ ಒಯ್ತಾನೆ. ಕೊನೆಗೆ ಶುದ್ಧತೆ ಪರೀಕ್ಷೆಯಲ್ಲಿ ಫೇಲ್ ಆಯ್ತು ಅಂದರೆ ಬೀಜದ ರೇಟೇ ಇಲ್ಲ. ಆ ಪರೀಕ್ಷೆಯ ಕಾಗದ ನೀವು ನೋಡಿದ್ದೀರಾ? ಒಪ್ಪಂದದ ಪ್ರತಿ ನಿಮ್ಮ ಮನೆಯಲ್ಲಿದೆಯಾ? ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಕೈ ಅಪ್ಪಂದೋ, ದೊಡ್ಡಪ್ಪಂದೋ?

ಈ ಹೈಬ್ರಿಡ್ ಹತ್ತಿಯ ವಿದ್ಯೆ ನಮಗೆ ಪರಕೀಯ ಅಂತ ತಿಳೀಬೇಡಿ. 1972ರಲ್ಲಿ ಹೆಸರುವಾಸಿಯಾದ ವರಲಕ್ಷ್ಮಿ ಹತ್ತಿ ತಳಿಯನ್ನು ಕೊಟ್ಟವರು ಧಾರವಾಡದ ವಿಜ್ಞಾನಿ ಡಾ. ಬಿ.ಎಚ್. ಕಟರಕಿ. ವಿದ್ಯೆ ನಮ್ಮ ಕಡೆಯವರಿಗೂ ಬಂದಿತ್ತು, ಬೆರಳಿನ ಕಸುಬು ನಮ್ಮ ಮನೆಯವರದು, ನೆಲ ನಮ್ಮದು. ಪ್ಯಾಕೆಟ್ಟಿನ ಮೇಲಿನ ಹೆಸರು ಮಾತ್ರ ನಮ್ಮದಲ್ಲ.

ಇಲ್ಲಿ ಭಾಷೆಯ ಮಾತು ಬಂದೇ ಬರುತ್ತೆ. ಒಪ್ಪಂದ ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ತೆಲುಗಿನಲ್ಲಿ, ಮನೆಯಲ್ಲಿ ಹಿರಿಯರಿಗೆ ಬರೋದು ಕನ್ನಡ. ಓದಲು ಬಾರದ ಕಾಗದಕ್ಕೆ ಸಹಿ ಹಾಕುವವನು ತನ್ನ ಹೊಲದಲ್ಲೇ ಕೂಲಿಯವನಾಗ್ತಾನೆ. ಹಾಗಂತ ತೆಲುಗು ರೈತನ ಮೇಲೆ ಹಲ್ಲು ಕಡೀಬೇಡಿ. ಇಂಗ್ಲಿಷ್ ಒಪ್ಪಂದದ ಮುಂದೆ ಅವನೂ ನಮ್ಮಷ್ಟೇ ಕುರುಡ. ತೆಲುಗು ಕಲೀರಿ, ಚೆನ್ನಾಗಿ ಕಲೀರಿ, ಅದು ನಮ್ಮ ಸಂತೆಯ ಭಾಷೆ. ಜೊತೆಗೆ ಇದನ್ನೂ ತಿಳ್ಕೊಳ್ಳಿ: ಸಂವಿಧಾನದ 350ನೇ ವಿಧಿ ಪ್ರಕಾರ, ನಿಮ್ಮ ದೂರು ಅಹವಾಲುಗಳನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕೊಡುವ ಹಕ್ಕು ನಿಮಗಿದೆ. 1956ರ ನವೆಂಬರ್ 1ರಂದು ಗೆರೆ ಆ ಕಡೆ ಬಿತ್ತು, ನಾವು ಈ ಕಡೆ ಉಳಿದ್ವಿ. ಹಕ್ಕು ಮಾತ್ರ ಗೆರೆಯ ಆ ಕಡೆ ಉಳೀಲಿಲ್ಲ.

ಸರಿ, ಬೈದದ್ದು ಸಾಕು. ಮಾಡಬೇಕಾದ್ದೇನು?

1. ಜೆಸಿಬಿ ಕರೆಯುವ ಮೊದಲು ಒಂದು ಪುಸ್ತಕ ತನ್ನಿ. ಮೊದಲ ಪುಟದಲ್ಲಿ ಮೇಲಿನ ಲೆಕ್ಕವನ್ನು ನಿಮ್ಮೂರ ದರದಲ್ಲಿ ಬರೀರಿ. ಕಾಗದದ ಮೇಲೆ ಲಾಭ ಕಾಣದಿದ್ದರೆ ನೀರಿನಲ್ಲೂ ಕಾಣಲ್ಲ.

2. ಮಣ್ಣು ನೋಡಿ. ಒಂದಾಳುದ್ದ ಗುಂಡಿ ತೋಡಿ ಸಂಜೆ ತುಂಬಾ ನೀರು ಹಾಕಿ, ಬೆಳಗ್ಗೆ ಹೋಗಿ ನೋಡಿ. ಅರ್ಧಕ್ಕಿಂತ ಕೆಳಗಿಳಿದಿದ್ದರೆ ಆ ಜಾಗ ಮೀನಿಗಲ್ಲ, ಶೇಂಗಾಕ್ಕೆ ಬಿಡಿ.

3. ಊರ ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘದ್ದು. ಬೆಸ್ತರ, ಮುದಿರಾಜರ ಅನ್ನಕ್ಕೆ ಕೈ ಹಾಕಬೇಡಿ. ನೀವು ಆ ಸಮುದಾಯದವರಾಗಿದ್ದರೆ ಸಂಘದ ಸದಸ್ಯರಾಗಿ, ಸಭೆಗೆ ಹೋಗಿ, ಲೆಕ್ಕ ಕೇಳಿ. ಸರಕಾರ ಬಿಡುವ ಮರಿಗಳನ್ನು ಎದುರಿಗೆ ನಿಂತು ಎಣಿಸಿಕೊಳ್ಳಿ. ಅಲ್ಲದಿದ್ದರೆ ಸ್ವಂತ ಹೊಲದಲ್ಲಿ ಹೊಂಡ ಮಾಡಿ, ಬಲೆ ಎಳೆಯೋಕೆ ಅವರನ್ನೇ ಕರೀರಿ. ಅವರ ಕೈಯಲ್ಲಿರುವ ವಿದ್ಯೆ ಯಾವ ವೀಡಿಯೋದಲ್ಲೂ ಇಲ್ಲ.

4. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತೆ. ಮೂರನ್ನೂ ಸೇರಿಸಿ ಬಿಟ್ಟರೆ ಯಾವ ಪದರವೂ ಖಾಲಿ ಉಳಿಯಲ್ಲ. ಮಳೆಗಾಲದಲ್ಲಿ ಮರಿ ಸಿಗುತ್ತೆ. ತಂದ ಚೀಲವನ್ನು ತಂಪು ಹೊತ್ತಿನಲ್ಲಿ ಕಾಲು ತಾಸು ಹೊಂಡದಲ್ಲೇ ತೇಲಿಸಿ, ಸ್ವಲ್ಪ ಸ್ವಲ್ಪ ಹೊಂಡದ ನೀರು ಬೆರೆಸಿ, ಆಮೇಲೆ ಬಿಡಿ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡ್ತಿದ್ದರೆ ಅದು ಹಸಿವಲ್ಲ, ಉಸಿರು ಕಟ್ಟಿದ್ದು. ಅವತ್ತು ತಿಂಡಿ ನಿಲ್ಲಿಸಿ, ಹೊಸ ನೀರು ಬಿಡಿ. ಥಾಯ್ ಮಾಗುರ್ ಮರಿ ಅಗ್ಗಕ್ಕೆ ಕೊಡ್ತೀನಿ ಅಂದವನನ್ನು ಊರ ಹೊರಗೇ ನಿಲ್ಲಿಸಿ. ಆ ಮೀನು ಸಾಕುವುದು ನಿಷಿದ್ಧ.

5. ದೊಡ್ಡ ಹೊಂಡಕ್ಕಿಂತ ಮೊದಲು ಚಿಕ್ಕ ಮರಿಹೊಂಡ ಮಾಡುವ ಯೋಚನೆ ಮಾಡಿ. ಸಣ್ಣ ಮರಿ ತಂದು ಎರಡು ಮೂರು ತಿಂಗಳು ಸಾಕಿ ಬೆರಳುದ್ದ ಮಾಡಿ ಊರವರಿಗೇ ಮಾರಬಹುದು. ಜಾಗ ಕಡಿಮೆ, ದುಡ್ಡು ಬೇಗ. ಎಲ್ಲಕ್ಕಿಂತ ಮುಖ್ಯವಾಗಿ, ಮಗ್ ಲೆಕ್ಕದವನ ಕೈಯಿಂದ ಬಿಡುಗಡೆ.

6. ಮೀಟರ್ ಬಡ್ಡಿಗೆ ಕೈ ಚಾಚಬೇಡಿ. 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನು ಸಾಕುವವರಿಗೂ ಇದೆ. ಸಬ್ಸಿಡಿ ಕೈಗೆ ಬರೋಕೆ ಮೊದಲು ನಮ್ಮ ದುಡ್ಡು ಖರ್ಚಾಗಿರಬೇಕಾಗುತ್ತೆ. ಸಬ್ಸಿಡಿ ನಂಬಿ ಸಾಲ ಮಾಡಿದವರ ಕಥೆ ನಿಮ್ಮೂರಲ್ಲೇ ಸಿಗುತ್ತೆ. ಈಗ ಯಾವ ಯೋಜನೆ ಚಾಲ್ತಿಯಲ್ಲಿದೆ ಅಂತ ನಾರಾಯಣಪೇಟೆಯ, ಗದ್ವಾಲದ ಜಿಲ್ಲಾ ಮೀನುಗಾರಿಕೆ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ಹೊಲದ ಬೆಳೆಯ ಸಲಹೆಗೆ ಹೊಳೆಯಾಚೆ ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಕನ್ನಡದಲ್ಲೇ ಕೇಳಬಹುದು, ಕನ್ನಡದಲ್ಲೇ ಉತ್ತರ ಸಿಗುತ್ತೆ.

7. ಸೀಡ್ ಹತ್ತಿ ಹಾಕುವ ಮನೆಯವರೆ, ಈ ಸಲ ಒಂದೇ ಒಂದು ಶಪಥ ಮಾಡಿ. ಒಪ್ಪಂದದ ಪ್ರತಿ ಕೈಗೆ ಬಾರದೆ ಬಿತ್ತೋದಿಲ್ಲ. ಒಬ್ಬರು ಕೇಳಿದರೆ ನಾಳೆಯಿಂದ ಬೀಜ ಇಲ್ಲ ಅಂತಾನೆ. ಊರೇ ಕೇಳಿದರೆ? ನಮ್ಮ ಬೆರಳಿಲ್ಲದೆ ಅವನ ಪ್ಯಾಕೆಟ್ ತುಂಬಲ್ಲ.

ಎಲ್ಲರೂ ಊರು ಬಿಟ್ಟು ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ಹೈದರಾಬಾದಿಗೆ, ಬೆಂಗಳೂರಿಗೆ ಹೋಗುವವರು ಹೋಗಿ ಬನ್ನಿ. ಆದರೆ "ಹೊಲದಲ್ಲಿ ಏನೂ ಉಳಿಯಲ್ಲ" ಅಂತ ಹೇಳಿ ಹೋಗಬೇಡಿ. ಉಳಿದದ್ದು ಎಲ್ಲಿ ಹೋಯ್ತು ಅಂತ ಕೇಳಿ ಹೋಗಿ. ಗೊಬ್ಬರದ ಅಂಗಡಿಯವನು ಮಹಡಿ ಮೇಲೆ ಮಹಡಿ ಕಟ್ಟಿದ್ದು ಯಾವ ಹೊಲದಿಂದ?

ದೀಪಾವಳಿ ಬಂದರೆ ಸಾಹುಕಾರ ತನ್ನ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ತಾನೆ. ನಾವು ಕಾರಹುಣ್ಣಿಮೆಗೆ ಎತ್ತಿಗೆ ಮಾಡ್ತೀವಿ. ಎತ್ತಿನ ಪೂಜೆ ಬಿಡೋದು ಬೇಡ. ಈ ದೀಪಾವಳಿಗೆ ನಮ್ಮ ಮನೆಯ ಜಗಲಿ ಮೇಲೂ ಒಂದು ಪುಸ್ತಕ ಇರಲಿ. ಹತ್ತು ರೂಪಾಯಿದಾದರೂ ಸಾಕು. ಬರೆಯುವ ಕೈ ನಿಮ್ಮದು, ಓದಿಸಿ ಕೇಳುವ ಕಿವಿ ಅಪ್ಪ ಅವ್ವಂದು, ಅಕ್ಷರ ಕನ್ನಡದ್ದು.

ಕೆರೆ ನಮ್ಮದು. ಲೆಕ್ಕವೂ ನಮ್ಮದೇ ಆಗಲಿ.