ನಾಯಿಯೊಡನೆ ಒಂಟಿ ಪ್ರಯಾಣ

ಮರಿಯಮ್ಮನಹಳ್ಳಿಯ ಸೋದರಿಯೊಬ್ಬರು ಬರೆದಿರುವರು: ಹೊಸಪೇಟೆಯಿಂದ ಬೆಂಗಳೂರಿಗೆ ಮುದಿನಾಯಿಯೊಡನೆ ಒಬ್ಬರೇ ರೈಲಿನಲ್ಲಿ ಹೋಗಬೇಕಾಗಿದೆ, ನೆನೆದರೆ ಎದೆ ಡವಗುಟ್ಟುವುದು, ನಾಯಿಯನ್ನು ಯಾರಿಗಾದರೂ ಒಪ್ಪಿಸಿಬಿಡಲೇ?

ಬೇಡವೆಂದೇ ನಮ್ಮ ಅಭಿಪ್ರಾಯ. ಸ್ವರ್ಗದ ಬಾಗಿಲಲ್ಲಿಯೂ ಜೊತೆಯ ನಾಯಿಯನ್ನು ಬಿಡಲೊಲ್ಲದ ಧರ್ಮರಾಯನ ಕಥೆ ಕೇಳಿ ಬೆಳೆದವರಲ್ಲವೇ ನಾವು? ಆತನ ಧೈರ್ಯ ನಮಗಿಲ್ಲದಿದ್ದರೆ ಸಿದ್ಧತೆಯಿಂದ ಅದನ್ನು ಪಡೆಯಬಹುದು.

ರೈಲ್ವೆಯ ನಿಯಮದಂತೆ ಮೊದಲ ದರ್ಜೆಯ ಎರಡು ಮಲಗುವೆಡೆಯ ಕೂಪೆಯನ್ನು ಇಡಿಯಾಗಿ ಪಡೆದರೆ ನಾಯಿ ನಮ್ಮ ಬಳಿಯೇ ಇರಬಹುದು. ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ. ಅಲ್ಲಿಯೂ ಅನ್ನ ನೀರಿನ ಹೊಣೆ ನಮ್ಮದೇ. ಪಶುವೈದ್ಯರ ಪತ್ರವನ್ನು ಮುಂಚೆಯೇ ಪಡೆದಿರಬೇಕು. ಒಂದೆರಡು ಸಂಜೆ ನಾಯಿಯನ್ನು ನಿಲ್ದಾಣಕ್ಕೆ ಕರೆದೊಯ್ದು ಗಾಡಿಯ ಸದ್ದಿಗೆ ಒಗ್ಗಿಸಿರಿ. ಹೊರಡುವ ದಿನ ಅದು ಮಲಗುವ ಹಳೆಯ ಹಾಸನ್ನು ಮರೆಯದಿರಿ.

ಇನ್ನು ತಮ್ಮ ಅಂಜಿಕೆ. ಮನುಷ್ಯನ ಉಸಿರು ಬೆವರುಗಳಲ್ಲಿ ಸೇರುವ ಉದ್ವೇಗದ ವಾಸನೆಯನ್ನು ನಾಯಿ ಗುರುತಿಸಬಲ್ಲುದೆಂದು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೨೨ರಲ್ಲಿ ತೋರಿಸಿಕೊಟ್ಟರು. ಎಂದರೆ, ಬಚ್ಚಿಟ್ಟ ಭಯವೂ ಅದಕ್ಕೆ ತಿಳಿದೀತು. ಆದುದರಿಂದ ಗಾಡಿ ಏರುವ ಮುನ್ನ ಕುಳಿತು, ನಾಲ್ಕಾರು ಸಲ ನೀಳವಾಗಿ, ಸಾವಕಾಶವಾಗಿ ಉಸಿರು ಬಿಡಿರಿ. ನಾಯಿಯ ಬೆನ್ನ ಮೇಲೆ ಕೈಯಿಡಿರಿ. ತಾವು ಒಂಟಿಯಲ್ಲವೆಂಬುದು ಆಗ ತಮಗೇ ಮನವರಿಕೆಯಾದೀತು.