ದುರಸ್ತಿಗೆ ಸಹಿ ಇಲ್ಲ, ಕೆಡವಲು ಅವಸರ

2012ರ ಆಗಸ್ಟ್ 25ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು, ಅಲ್ಲೇ ಕೂಗಳತೆಯಲ್ಲಿರುವ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ನೆಲಕ್ಕುರುಳಿತು. ಈ ಎರಡನೆಯದು ಬಿದ್ದದ್ದು ಯಾವಾಗ ಗೊತ್ತೇ? ನವೀಕರಣ ಕಾಮಗಾರಿ ನಡೆಯುತ್ತಿದ್ದಾಗ! ದಶಕಗಳ ಕಾಲ ಕೈಕಟ್ಟಿ ಕೂತಿದ್ದವರು ಕೊನೆಗೊಮ್ಮೆ ಕೈ ಹಾಕಿದರು. ಹಾಕಿದ ಕೈಗೇ ಗೋಡೆ ಬಂತು.

ಅಂದಿನಿಂದ ಅಧಿಕಾರಸ್ಥರ ಬಾಯಲ್ಲಿ ಒಂದೇ ಹಾಡು. ಕಟ್ಟಡ ಹಳೆಯದಾಯಿತು, ಅಪಾಯಕಾರಿ, ಕೆಡವಿ ಹೊಸದು ಕಟ್ಟೋಣ. ಹಳೆಯದಾಗಿದ್ದಕ್ಕೇ ಬೀಳುವುದಾದರೆ ಪಕ್ಕದ ಚಿಕ್ಕ ಗಡಿಯಾರ 1886ರಿಂದ ಹೇಗೆ ನಿಂತಿದೆ? ಕಟ್ಟಡಗಳು ವಯಸ್ಸಾಗಿ ಸಾಯುವುದಿಲ್ಲ ಸ್ವಾಮಿ, ನೀರು ಕುಡಿದು ಸಾಯುತ್ತವೆ. ಮಾಳಿಗೆಯ ನೀರು ಹೋಗುವ ದೋಣಿಯಲ್ಲಿ ಕಸ ಕಟ್ಟಿಕೊಳ್ಳುತ್ತದೆ, ಕಸದಲ್ಲಿ ಅರಳಿ ಗಿಡ ಹುಟ್ಟುತ್ತದೆ. ಬೆರಳುದ್ದ ಇದ್ದಾಗ ಕಿತ್ತರೆ ಒಬ್ಬ ಪೌರಕಾರ್ಮಿಕನಿಗೆ ಅರ್ಧ ಗಂಟೆಯ ಕೆಲಸ. ಬಿಟ್ಟರೆ ಬೇರು ಗೋಡೆಯ ಸಂದಿಗೆ ಇಳಿಯುತ್ತದೆ, ಅದರ ಹಿಂದೆಯೇ ಮಳೆ ನೀರು ಇಳಿಯುತ್ತದೆ. ಹಳೆಯ ಗಾರೆ ಗೋಡೆ ಮಳೆಗಾಲದಲ್ಲಿ ಹೀರಿದ್ದನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಯಾರೋ ಒಬ್ಬ ಮಹಾನುಭಾವ ಗುತ್ತಿಗೆದಾರ ಸಿಮೆಂಟ್ ಮೆತ್ತಿ, ಬಣ್ಣ ಬಳಿದು, ಬಿಲ್ ಮಾಡಿಸಿಕೊಂಡು ಹೋದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಗಾರೆ ಪುಡಿಪುಡಿಯಾಗುತ್ತದೆ. ಗೋಡೆಯೊಳಗೆ ಹೂತ ತೊಲೆಯ ತುದಿ ಕಣ್ಣಿಗೆ ಬೀಳದಂತೆ ಕೊಳೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ದಸರೆಗೆ ಹೊಡೆದ ಹೊಸ ಬಣ್ಣ.

ಇದನ್ನು ಕಾಲದ ಮಹಿಮೆ ಎನ್ನಬೇಕೆ? ನಾನಂತೂ ಧ್ವಂಸ ಎನ್ನುತ್ತೇನೆ. ಜೆಸಿಬಿ ಬಾರದೆ, ಸದ್ದಾಗದೆ ನಡೆಯುವ ಧ್ವಂಸ.

ಮಾರುಕಟ್ಟೆಯೊಳಗೆ ಅಂಗಡಿ ಇಟ್ಟವನ ಪಾಡು ನೋಡಿ. ಮಾಡು ಸೋರುತ್ತದೆ. ವೀಳ್ಯದೆಲೆಯ ಕಟ್ಟಿನ ಮೇಲೆ, ಕುಂಕುಮದ ರಾಶಿಯ ಮೇಲೆ ತೊಟ್ಟಿಕ್ಕುತ್ತದೆ. ಅವನು ಬಾಡಿಗೆದಾರ, ಪಾಲಿಕೆ ಯಜಮಾನ. ಹೆಂಚು ಮುಟ್ಟಬೇಕೆಂದರೂ ಅರ್ಜಿ ಹಾಕಬೇಕು. ಅರ್ಜಿ ಕಂದಾಯ ಶಾಖೆಯಲ್ಲಿ ಕೂತು, ಎಂಜಿನಿಯರಿಂಗ್ ಶಾಖೆಗೆ ನಡೆದು, ಪಾರಂಪರಿಕ ಕಟ್ಟಡವಾದ್ದರಿಂದ ಸಮಿತಿಯ ಅಭಿಪ್ರಾಯಕ್ಕೆ ಹೋಗಿ, ಅಂದಾಜು ಪಟ್ಟಿ, ಅನುದಾನ, ಟೆಂಡರ್ ಎಂದು ಸುತ್ತಿ ಬರುವಷ್ಟರಲ್ಲಿ ಇನ್ನೆರಡು ಮಳೆಗಾಲ ಮುಗಿದಿರುತ್ತವೆ. ಸಾಲದ್ದಕ್ಕೆ, ಅನುಮತಿ ಕೊಡಬೇಕಾದವರೂ ಪಾಲಿಕೆಯವರೇ, ಅನುಮತಿ ಪಡೆದು ದುರಸ್ತಿ ಮಾಡಿಸಬೇಕಾದವರೂ ಅವರೇ. ತಾನೇ ತನಗೆ ನೋಟಿಸ್ ಕೊಟ್ಟುಕೊಂಡ ಯಜಮಾನನನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಖಾಸಗಿಯವರ ವಿಷಯಕ್ಕೆ ಬಂದರೆ ನಾಟಕದ ಪಾತ್ರಧಾರಿಗಳು ಬದಲಾಗುತ್ತಾರೆ, ಅಷ್ಟೇ. ರಾತ್ರೋರಾತ್ರಿ ಭಾರ ಹೊರುವ ಗೋಡೆ ಕೊರೆದು ಷಟರ್ ಕೂರಿಸುವವನು ಅರ್ಜಿಯನ್ನೇ ಹಾಕುವುದಿಲ್ಲ. ಯಾರಾದರೂ ದೂರು ಕೊಟ್ಟರೆ 1976ರ ಪಾಲಿಕೆ ಕಾಯ್ದೆಯ 321ನೇ ಕಲಂ ಇದೆ. ಮೊದಲು ತಾತ್ಕಾಲಿಕ ಆದೇಶ, ಉತ್ತರಕ್ಕೆ ಕಾಲಾವಕಾಶ, ಆಮೇಲೆ ದೃಢೀಕರಣ, ಆಮೇಲೆ ಮೇಲ್ಮನವಿ, ಮೇಲ್ಮನವಿಯಲ್ಲಿ ತಡೆಯಾಜ್ಞೆ. ತಡೆಯಾಜ್ಞೆಯ ನೆರಳಲ್ಲಿ ವ್ಯಾಪಾರ ತಂಪಾಗಿ ನಡೆಯುತ್ತದೆ. ನಿಯಮದಂತೆ ನಕ್ಷೆ ಬರೆಸಿ, ಶುಲ್ಕ ಕಟ್ಟಿ ಕಾಯುತ್ತಿರುವ ಮೂರ್ಖ ಮಾತ್ರ ಕೌಂಟರಿನ ಮುಂದೆ ನಿಂತಿರುತ್ತಾನೆ. ‘ಸಾಹೇಬ್ರು ಸೈಟ್ ವಿಸಿಟ್ಟಿಗೆ ಹೋಗಿದ್ದಾರೆ, ನಾಳೆ ಬನ್ನಿ.’

ಹಾಗೆಂದು ಅನುಮತಿಯೇ ಬೇಡ ಎನ್ನುವವನು ನಾನಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು, ಹೊಗೆ ಮಹಡಿ ಮಹಡಿಗೆ ಏರಿ ಒಂಬತ್ತು ಜನ ಸತ್ತರು. ವಾಣಿಜ್ಯ ಕಟ್ಟಡದಲ್ಲಿ ಒಂದು ಬಾಗಿಲು ಮುಚ್ಚುವುದು, ಒಂದು ಕೊಳವೆಮಾರ್ಗ ತೆರೆದು ಬಿಡುವುದು ಎಷ್ಟು ಜೀವ ತೆಗೆಯಬಲ್ಲದು ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ಅನುಮತಿ ಎಂದರೆ ತಿಳಿದವನೊಬ್ಬ ಬಂದು, ಗೋಡೆ ತಟ್ಟಿ, ಇದನ್ನು ಮುಟ್ಟಬೇಡ, ಅದನ್ನು ಮಾಡು ಎಂದು ಹೇಳುವುದು. ಆ ಒಂದು ಕೆಲಸ ಬಿಟ್ಟು ಮಿಕ್ಕೆಲ್ಲವೂ ಆ ಕಚೇರಿಗಳಲ್ಲಿ ನಡೆಯುತ್ತಿದೆ.

ಮತ್ತೆ ಮೈಸೂರಿಗೆ ಬರೋಣ. ಈ ಎರಡು ಕಟ್ಟಡಗಳನ್ನೂ ಕೆಡವಲೇಬೇಕು ಎಂದ ತಜ್ಞರಿದ್ದಾರೆ. ಉಳಿಸಬಹುದು, ಗಾರೆಯಲ್ಲೇ ದುರಸ್ತಿ ಮಾಡಬಹುದು ಎಂದ, ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಯ ತಜ್ಞರೂ ಇದ್ದಾರೆ. ಮೈಸೂರು ರಾಜಮನೆತನದ ಪ್ರಮೋದಾ ದೇವಿ ಒಡೆಯರ್ ಕೆಡವುವುದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಸರ್ಕಾರಕ್ಕೆ ಹಿಡಿಸಿದ್ದು ಮೊದಲನೆಯವರ ಮಾತು. 2023ರಲ್ಲಿ ಹೈಕೋರ್ಟೂ ಸರ್ಕಾರದ ತೀರ್ಮಾನಕ್ಕೆ ಅಡ್ಡ ಬರಲಿಲ್ಲ. ನ್ಯಾಯಾಲಯದ ಮುಂದೆ ಇದ್ದದ್ದು ಕಟ್ಟಡ ಈಗ ಹೇಗಿದೆ ಎಂಬ ಪ್ರಶ್ನೆ. ಅದನ್ನು ಈ ಸ್ಥಿತಿಗೆ ತಂದವರ ಪ್ರಶ್ನೆಗೆ ಕಟಕಟೆಯೇ ಇಲ್ಲ.

‘ಅದೇ ಮಾದರಿಯಲ್ಲೇ ಹೊಸದಾಗಿ ಕಟ್ಟಿಕೊಡುತ್ತೇವೆ’ ಎಂಬ ಭರವಸೆ ಬೇರೆ. ಕಾಂಕ್ರೀಟಿನ ಮೇಲೆ ಕಮಾನಿನ ಮುಖವಾಡ! ಮಲ್ಲಿಗೆ ಮೊಳ ಅಳೆಯುವವಳು, ನಂಜನಗೂಡು ರಸಬಾಳೆಯ ಗೊನೆ ತೂಗುಹಾಕಿದವನು, ಈರನಗೆರೆ ಬದನೆ ಗುಡ್ಡೆ ಹಾಕಿದವನು ಅಲ್ಲಿಯವರೆಗೆ ಎಲ್ಲಿರಬೇಕು? ಲ್ಯಾನ್ಸ್‌ಡೌನ್‌ನಿಂದ ಎದ್ದು ಹೋದ ವ್ಯಾಪಾರಿಗಳ ಕಥೆ ಅವರಿಗೆಲ್ಲ ಗೊತ್ತು. ಹಳೆಯ ಪುಸ್ತಕಗಳಿಗೆ ಮೈಸೂರಿಗರು ಹುಡುಕಿಕೊಂಡು ಹೋಗುತ್ತಿದ್ದ ಆ ಸಾಲು ಬಣಗುಟ್ಟಿತು. ತಾತ್ಕಾಲಿಕ ಎಂದು ಎಬ್ಬಿಸುವ ಮಾತನ್ನು ನಂಬುವಷ್ಟು ಮುಗ್ಧರು ಮಾರುಕಟ್ಟೆಯಲ್ಲಿ ಯಾರೂ ಉಳಿದಿಲ್ಲ. ಮುಂಬೈ ಪಾಲಿಕೆ 1869ರ ಕ್ರಾಫರ್ಡ್ ಮಾರುಕಟ್ಟೆಯ ಕಲ್ಲುಕಟ್ಟಡವನ್ನು ದುರಸ್ತಿ ಮಾಡಿಸಿ ಬಳಸುತ್ತಿದೆ. ಅಲ್ಲಿನ ಮಳೆ ನಮ್ಮದಕ್ಕಿಂತ ಮೃದುವೇನಲ್ಲ.

ಆದ್ದರಿಂದ, ಕೆಡವುವ ಟೆಂಡರಿಗೆ ಮುಂಚೆ ಒಂದು ಕಾಗದ ಹೊರಗೆ ಬರಲಿ. ಈ ಎರಡು ಕಟ್ಟಡಗಳ ಮಾಳಿಗೆಯ ದೋಣಿಯನ್ನು ಯಾವ ವರ್ಷ ಸ್ವಚ್ಛ ಮಾಡಿಸಿದಿರಿ, ಯಾವ ವ್ಯಾಪಾರಿಯ ಯಾವ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ತಿಂಗಳು ಕೂತಿತ್ತು, ಗಾರೆಯ ಮೇಲೆ ಸಿಮೆಂಟ್ ಬಳಿಯಲು ಸಹಿ ಹಾಕಿದವರು ಯಾರು, 2016ರಲ್ಲಿ ಬಿದ್ದ ಕಾಮಗಾರಿಯ ಅಳತೆ ಪುಸ್ತಕದಲ್ಲಿ ಏನು ಬರೆದಿದೆ. ಅದನ್ನು ಮಾರುಕಟ್ಟೆಯ ಬಾಗಿಲಿಗೆ, ಎಲ್ಲರಿಗೂ ಕಾಣುವಂತೆ, ಕನ್ನಡದಲ್ಲಿ ಅಂಟಿಸಿ. ಓದಿ ನೋಡಿದ ಮೇಲೆ ಮೊದಲು ಕೆಡವಬೇಕಾದದ್ದು ಯಾವುದೆಂದು ವ್ಯಾಪಾರಿಗಳೇ ಹೇಳುತ್ತಾರೆ.