ಕಾವಲಿಗೆ ಕರೆದವರು ಯಾವಾಗ ಹೋಗುತ್ತಾರೆ?

2025ರ ಜೂನ್ 23ರ ರಾತ್ರಿ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಖತರ್‌ನ ಅಲ್ ಉದೈದ್ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿತ್ತು. ಖತರ್, ಬಹ್ರೈನ್, ಕುವೈತ್, ಯುಎಇ ತಮ್ಮ ವಾಯುಪ್ರದೇಶ ಮುಚ್ಚಿದವು. ಅರ್ಧದಾರಿಗೆ ಹೋಗಿದ್ದ ವಿಮಾನಗಳು ತಿರುಗಿ ಬಂದವು. 'ಮೋನೇ, ಎಲ್ಲಿದ್ದಿ?' ಎಂದು ಉಮ್ಮಂದಿರು ಫೋನ್ ಕೆಳಗಿಡಲೇ ಇಲ್ಲ.

ದೇವರ ದಯೆ, ಯಾರ ಜೀವವೂ ಹೋಗಲಿಲ್ಲ. ಆದರೆ ಒಂದು ಮಾತು ಯೋಚಿಸಬೇಕಾದ್ದು ಉಂಟು. ಇರಾನಿನ ಅಣುಸ್ಥಾವರಗಳಿಗೆ ಬಾಂಬ್ ಹಾಕಿದ ವಿಮಾನಗಳು ಹೊರಟದ್ದು ಅಮೆರಿಕದ ಮಿಸೌರಿಯಿಂದ. ಏಟು ಬಿದ್ದದ್ದು ಖತರ್ ನೆಲಕ್ಕೆ. ಜಗಳ ಯಾರದ್ದೋ, ಅಂಗಳ ಯಾರದ್ದೋ!

ಈ ನೆಲೆಗಳು ಸುಮ್ಮನೆ ಬಂದದ್ದಲ್ಲ, ಅದನ್ನೂ ಒಪ್ಪಬೇಕು. 1990ರ ಆಗಸ್ಟ್ 2ರಂದು ಸದ್ದಾಂ ಹುಸೈನ್ ಕುವೈತನ್ನು ನುಂಗಿದಾಗ ಅಕ್ಕಪಕ್ಕದ ದೇಶಗಳಿಗೆ ನಿಜವಾಗಿ ಭಯವಾಯಿತು. ಅಲ್ಲಿದ್ದ ನಮ್ಮವರು ಎಲ್ಲವನ್ನೂ ಬಿಟ್ಟು ಜೋರ್ಡಾನ್ ದಾರಿಯಾಗಿ ಊರು ಸೇರಿದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆ ಹೊತ್ತಿಗೆ ಸಹಾಯ ಕೇಳಿದ್ದನ್ನು ನಾವು ತಪ್ಪು ಎನ್ನುವುದಿಲ್ಲ. ಆದರೆ ಬೆಂಕಿ ಆರಿಸಲು ಬಂದವರು ಬೆಂಕಿ ಆರಿದ ಮೇಲೂ ಮನೆಯಲ್ಲೇ ಕುಳಿತರೆ?

ಸೌದಿಯಲ್ಲಿ ಕುಳಿತದ್ದು 2003ರ ತನಕ. ನಡುವೆ 1996ರಲ್ಲಿ ಖೋಬರ್‌ನಲ್ಲಿ ಬಾಂಬ್ ಸಿಡಿದು 19 ಅಮೆರಿಕನ್ ಯೋಧರು ಸತ್ತರು, ಹಲವು ದೇಶಗಳ ನೂರಾರು ಮಂದಿ ಗಾಯಗೊಂಡರು. ಬಹ್ರೈನ್‌ನಲ್ಲಿ ಬ್ರಿಟಿಷರು 1935ರಲ್ಲಿ ನೌಕಾನೆಲೆ ಮಾಡಿದರು. 1971ರಲ್ಲಿ ಅವರು ಹೊರಟಾಗ ಅದೇ ಜಾಗಕ್ಕೆ ಅಮೆರಿಕ ಬಂತು. ಈಗ ಅಲ್ಲಿ ಅಮೆರಿಕದ ಐದನೇ ನೌಕಾಪಡೆಯ ಕೇಂದ್ರವೇ ಉಂಟು.

ಇರಾಕಿನ ಕಥೆಯಂತೂ ದೊಡ್ಡ ಪಾಠ. 1932ರಲ್ಲಿ ಸ್ವಾತಂತ್ರ್ಯ ಸಿಕ್ಕಿತು, ಆದರೆ ಹಬ್ಬಾನಿಯಾ ಮತ್ತು ಶುಐಬಾ ವಾಯುನೆಲೆಗಳು ಬ್ರಿಟನ್ನಿನ ಕೈಯಲ್ಲೇ ಉಳಿದವು. 1941ರಲ್ಲಿ ತನಗೆ ಆಗದ ಸರಕಾರ ಬಂದಾಗ ಬ್ರಿಟನ್ ಯುದ್ಧ ಮಾಡಿ ಅದನ್ನು ಇಳಿಸಿತು. 2020ರ ಜನವರಿಯಲ್ಲಿ ಅಮೆರಿಕ ಇರಾಕನ್ನು ಕೇಳದೆಯೇ ಬಗ್ದಾದಿನಲ್ಲಿ ಇರಾನಿನ ಸೇನಾನಿ ಸುಲೈಮಾನಿಯನ್ನು ಕೊಂದಿತು. ವಿದೇಶಿ ಸೇನೆ ಹೊರಡಬೇಕೆಂದು ಇರಾಕ್ ಸಂಸತ್ತು ನಿರ್ಣಯ ಮಾಡಿತು. ಸೇನೆ ಹೊರಡಲಿಲ್ಲ. ಕೆಲವೇ ದಿನದಲ್ಲಿ ಇರಾನಿನ ಕ್ಷಿಪಣಿಗಳು ಬಿದ್ದದ್ದು ಇರಾಕಿನ ಐನ್ ಅಲ್ ಅಸದ್ ನೆಲೆಯ ಮೇಲೆ. ಮನೆಯ ಯಜಮಾನನ ಮಾತಿಗೆ ಬೆಲೆ ಇಲ್ಲದ ಮೇಲೆ ಅದು ಯಾರ ಮನೆ?

'ಏನೇ ಆಗಲಿ, ರಕ್ಷಣೆಯಾದರೂ ಸಿಗುತ್ತದಲ್ಲ' ಎನ್ನುವವರಿದ್ದಾರೆ. ಅವರು 2025ರ ಸೆಪ್ಟೆಂಬರ್ 9ನ್ನು ನೆನಪಿಸಿಕೊಳ್ಳಲಿ. ಅಂದು ಇಸ್ರೇಲ್ ದೋಹಾದ ಮೇಲೆಯೇ ದಾಳಿ ಮಾಡಿತು, ಖತರ್‌ನ ಒಬ್ಬ ಭದ್ರತಾ ಸಿಬ್ಬಂದಿಯೂ ಪ್ರಾಣ ಕಳಕೊಂಡರು. ಆ ಪ್ರದೇಶದಲ್ಲೇ ಅಮೆರಿಕದ ಅತಿ ದೊಡ್ಡ ನೆಲೆ ದೋಹಾದ ಪಕ್ಕದಲ್ಲೇ ಇತ್ತು. ದಾಳಿ ಮಾಡಿದವನು ಕಾವಲುಗಾರನ ಗೆಳೆಯನಾದರೆ ಕಾವಲು ಎಂತ ಪ್ರಯೋಜನ?

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಹೊರಗಿನವರು ಕಾಯುತ್ತಾರೆ ಎಂಬ ಧೈರ್ಯದಲ್ಲಿ ನೆರೆಯವರ ಜೊತೆ ಮಾತುಕತೆ ಮಾಡುವ ಅಗತ್ಯವೇ ತೋರುವುದಿಲ್ಲ. ಮಾತಾಡಿದರೆ ಆಗುವುದಿಲ್ಲವೇ? 2023ರ ಮಾರ್ಚ್‌ನಲ್ಲಿ ಸೌದಿ ಮತ್ತು ಇರಾನ್ ಬೀಜಿಂಗಿನಲ್ಲಿ ಕುಳಿತು ಏಳು ವರ್ಷದ ಮುನಿಸು ಬಿಟ್ಟವು. ಅದಕ್ಕೆ ಒಂದೂ ಗುಂಡು ಬೇಕಾಗಲಿಲ್ಲ.

ನೆಲೆಗಳನ್ನು ನಾಳೆಯೇ ಖಾಲಿ ಮಾಡಿ ಎಂದು ನಾವು ಹೇಳುತ್ತಿಲ್ಲ. ಪ್ರತಿ ಒಪ್ಪಂದಕ್ಕೂ ಒಂದು ಕೊನೆಯ ದಿನ ಇರಲಿ. ನಮ್ಮ ನೆಲದಿಂದ ನೆರೆಯವರ ಮೇಲೆ ದಾಳಿ ಸಲ್ಲದು ಎಂಬ ಷರತ್ತಿರಲಿ. 1981ರಲ್ಲೇ ಹುಟ್ಟಿದ ಕೊಲ್ಲಿ ಸಹಕಾರ ಮಂಡಳಿ ತನ್ನ ಸ್ವಂತ ಕಾಲಿನ ಮೇಲೆ ನಿಲ್ಲಲಿ.

ಆ ಮರಳುಗಾಡಿನ ಊರುಗಳಲ್ಲಿ ನಮ್ಮ ಮಕ್ಕಳ ಬೆವರೂ ಬಿದ್ದಿದೆ. ಅಲ್ಲಿ ನೆಮ್ಮದಿ ಇದ್ದರೆ ಮಾತ್ರ ಇಲ್ಲಿನ ಉಮ್ಮಂದಿರಿಗೆ ನಿದ್ದೆ.